ಮಳೆ ಹಿಂದೆ ಸರಿದಾಗ ಹಿತ್ತಲ ಕೆಲಸ: ಎರೆಮಣ್ಣಿನ ಮನೆಯವರಿಗೆ

ದಸರೆ ಮುಗಿಯುವ ಹೊತ್ತಿಗೆ ಕಲಬುರಗಿಯ ಹಿತ್ತಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮೊಣಕಾಲುದ್ದ ಕಸ, ಎಲೆಯೆಲ್ಲ ಹಳದಿ ತಿರುಗಿದ ಬೆಂಡಿ ಗಿಡ, ಚಪ್ಪರದ ಮೇಲೆ ಒಣಗಿ ಜೋತುಬಿದ್ದ ಹೀರೆ ಬಳ್ಳಿ, ಬಚ್ಚಲ ಪಕ್ಕದ ಪರ್ಸಿಯ (ಶಹಾಬಾದ್ ಹಾಸುಗಲ್ಲಿನ) ಮೇಲೆ ಹಸಿರು ಪಾಚಿ. ಮುಂಗಾರು ಈ ಭಾಗದಿಂದ ಹಿಂದೆ ಸರಿಯುವುದು ಸುಮಾರಾಗಿ ಅಕ್ಟೋಬರ್ ಮಧ್ಯಕ್ಕೆ. ಅಲ್ಲಿಂದ ನವೆಂಬರ್ ಮೊದಲ ವಾರದವರೆಗೆ ಸಿಗುವಷ್ಟು ಒಳ್ಳೆಯ ದಿನಗಳು ಹಿತ್ತಲಿಗೆ ವರ್ಷದಲ್ಲಿ ಮತ್ತೆ ಸಿಗುವುದಿಲ್ಲ. ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬೀಳುವಾಗ ಹಿತ್ತಲಲ್ಲೂ ಎರಡನೇ ಬೆಳೆ ಬೀಳಬೇಕು. ಹಾಗಾಗಿ ಇಲ್ಲಿ ಶರತ್ಕಾಲದ ಸ್ವಚ್ಛತೆ ಎಂದರೆ ಬಿತ್ತನೆಯ ತಯಾರಿಯೇ.

ಕಸ ಕೀಳಬೇಕು, ಗೊಬ್ಬರ ಹಾಕಬೇಕು, ಬೀಜ ಹಾಕಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ತಪ್ಪುವುದು ಕ್ರಮ. ಎರೆಮಣ್ಣಿನಲ್ಲಿ, ಅಂದರೆ ನಮ್ಮ ಕಪ್ಪು ಮಣ್ಣಿನಲ್ಲಿ, ಯಾವ ಕೆಲಸ ಯಾವಾಗ ಎಂಬುದನ್ನು ರಜೆ ನೋಡಿ ಗೊತ್ತುಮಾಡಲು ಬರುವುದಿಲ್ಲ, ಮಣ್ಣಿನ ಹದ ನೋಡಿಯೇ ಗೊತ್ತುಮಾಡಬೇಕು.

ಮೊದಲು ಹದ

ನಮ್ಮ ಕಪ್ಪು ಮಣ್ಣಿನ ಜಿಗುಟು ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಇದೇ ಕಾರಣಕ್ಕೆ. ಹಸಿಯಿದ್ದಾಗ ತುಳಿದರೆ ಅಥವಾ ಸಲಿಕೆ ಹಾಕಿದರೆ ಕಣಗಳ ನಡುವಿನ ಗಾಳಿಯೆಲ್ಲ ಹೊರಗೆ ಹೋಗಿ ಮಣ್ಣು ಹೆಂಟೆಯಾಗುತ್ತದೆ. ಆ ಹೆಂಟೆ ಒಣಗಿದ ಮೇಲೆ ಒಡೆಯಲು ಗುದ್ದಲಿಯ ಹಿಂಬದಿಯೇ ಬೇಕು. ನಮ್ಮ ಓಣಿಗೆ ಕೆಲಸಕ್ಕೆ ಬರುವ ಒಬ್ಬ ಅಜ್ಜ ಗೇಟಿನಲ್ಲೇ ನಿಂತು ಮಣ್ಣು ನೋಡಿ, "ಇವತ್ತ ಬ್ಯಾಡ್ರೀ ಅಕ್ಕೋರೆ, ಹಸಿ ಅದ. ಈಗ ತುಳದ್ರ ಯುಗಾದಿತನ ಕಲ್ಲಾಗಿ ಕುಂದರ್ತದ" ಎಂದು ವಾಪಸು ಹೋಗುತ್ತಾನೆ. ಆ ದಿನದ ಕೂಲಿ ಬಿಟ್ಟು ಹೇಳುವ ಮಾತು ಅದು, ನಂಬಬೇಕು.

ಹದ ನೋಡುವುದು ಹೀಗೆ. ಗೇಣುದ್ದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಬೆರಳ ಸಂದಿಯಿಂದ ಜಿಗುಟಾಗಿ ಹೊರಬಂದರೆ, ಕೈಗೆ ಮೆತ್ತಿಕೊಂಡರೆ ಇನ್ನೂ ಹಸಿ. ಉಂಡೆಯಾಗಿ ನಿಂತು, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಿ ಉದುರಿದರೆ ಅದೇ ಹದ. ಉಂಡೆಯೇ ಆಗದಿದ್ದರೆ ತಡವಾಯಿತು. ಸಂಜೆ ನೀರು ಬಿಟ್ಟು ಎರಡು-ಮೂರು ದಿನ ಕಾಯಬೇಕು. ಕೊನೆಯ ದೊಡ್ಡ ಮಳೆಯಾದ ಮೇಲೆ ಬಿಸಿಲು ಚೆನ್ನಾಗಿ ಬಿದ್ದರೆ ಈ ಹದ ಸುಮಾರು ಒಂದು ವಾರದಲ್ಲಿ ಬರುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಅಗೆಯುವ, ಬೇರು ಕೀಳುವ, ಮಡಿ ಕಟ್ಟುವ ಕೆಲಸವನ್ನೆಲ್ಲ ಆ ದಿನಗಳಿಗೆ ಮೀಸಲಿಡಿ. ಕತ್ತರಿಸುವುದು, ಉಜ್ಜುವುದು, ಗುಡಿಸುವುದು ಅದಕ್ಕೂ ಮೊದಲೇ ಮುಗಿಯಲಿ.

ಬೀದರ್ ಕಡೆಯ ಜಂಬಿಟ್ಟಿಗೆಯ ಕೆಂಪು ನೆಲದವರಿಗೆ ಈ ತಾಪತ್ರಯವಿಲ್ಲ. ಅಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತ ಒಂದೆರಡು ದಿನದಲ್ಲೇ ಕೈ ಹಾಕಬಹುದು. ಆದರೆ ಅದೇ ಕಾರಣಕ್ಕೆ ಗೊಬ್ಬರದ ಸಾರವೂ ಮಳೆಯೊಂದಿಗೆ ಇಳಿದು ಹೋಗಿರುತ್ತದೆ, ತಿಪ್ಪೆಗೊಬ್ಬರ ನಮಗಿಂತ ಹೆಚ್ಚು ಬೇಕು.

ಹದಕ್ಕೆ ಕಾಯುವಾಗ: ನಿಂತ ನೀರು, ಪೇರಿಸಿದ ಸಾಮಾನು

ಮೊದಲ ದಿನ ಹಿತ್ತಲನ್ನು ಸುತ್ತಿ ನೀರು ನಿಂತ ಜಾಗಗಳನ್ನೆಲ್ಲ ನೋಡಿ. ಕುಂಡದ ಕೆಳಗಿನ ತಟ್ಟೆ, ಹಳೇ ಟೈರು, ಒಡೆದ ಬಕೆಟ್, ಮಾಳಿಗೆಯ ಮೇಲೆ ಮಡಚಿಟ್ಟ ತಾಡಪತ್ರಿಯ ಮಡಿಕೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೆ ಅರ್ಧ ಕೆಲಸ ಮಾತ್ರ ಆಯಿತು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿಯೂ ಬದುಕುತ್ತವೆ. ತೆಂಗಿನ ನಾರಿನಿಂದ ಒಳಬದಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ.

ಮಾಳಿಗೆಯಿಂದ ನೀರು ಇಳಿಯುವ ಕೊಳವೆ, ಕಾಂಪೌಂಡಿನ ಕಂಡಿ, ಮಡಿಗಳ ನಡುವಿನ ಕಾಲುವೆ ಇವನ್ನು ಈಗಲೇ ಬಿಡಿಸಿಡಿ. ಮಳೆ ಮುಗಿಯಿತೆಂದು ಕ್ಯಾಲೆಂಡರ್ ಹೇಳಿದರೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮ್ಮನ್ನು ಕೇಳಿ ಬರುವುದಿಲ್ಲ. 2020ರ ಅಕ್ಟೋಬರ್ ಮಧ್ಯದಲ್ಲಿ ಸುರಿದ ಮಳೆಗೆ ಭೀಮಾ ತೀರದ ಊರುಗಳಿಗೆ ನೀರು ನುಗ್ಗಿದ್ದು ಈ ಭಾಗದವರಿಗೆ ನೆನಪಿದೆ.

ಇನ್ನು ಪೇರಿಸಿಟ್ಟ ಇಟ್ಟಂಗಿ, ಕಟ್ಟಿಗೆ, ಪರ್ಸಿ ತುಕಡಿಗಳ ಗುಡ್ಡೆ. ಮಳೆಗಾಲವಿಡೀ ಅಲ್ಲಾಡಿಸದ ಗುಡ್ಡೆಯಲ್ಲಿ ಚೇಳು, ಇಲಿ, ಇಲಿ ಹುಡುಕಿ ಬಂದ ಹಾವು ಎಲ್ಲವೂ ಇರಬಹುದು. ಹಗಲು ಹೊತ್ತಿನಲ್ಲಿ, ಬೂಟು ಹಾಕಿಕೊಂಡು, ಮೊದಲು ಉದ್ದನೆಯ ಬಡಿಗೆಯಿಂದ ತಟ್ಟಿ, ಮೇಲಿನಿಂದ ಒಂದೊಂದೇ ತೆಗೆಯಿರಿ. ಕಲ್ಲನ್ನು ನಿಮ್ಮ ಕಡೆಗೆ ಎತ್ತಿದರೆ ಅಡಿಯಲ್ಲಿದ್ದದ್ದು ಆಚೆ ಹೋಗಲು ದಾರಿ ಇರುತ್ತದೆ, ಬೆರಳನ್ನು ಅಡಿಗೆ ತೂರಿಸುವುದಂತೂ ಬೇಡ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟುಕೊಂಡು ನೇರ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಕಸ ಕೀಳುವುದು

ಹಿತ್ತಲಲ್ಲಿ ಮೂರು ಬಗೆಯ ಕಸ, ಮೂರಕ್ಕೂ ಮದ್ದು ಬೇರೆ.

ಕಾಂಗ್ರೆಸ್ ಕಸ (ಪಾರ್ಥೇನಿಯಂ) ಬಿಳಿ ಹೂ ಬಿಡುವ ಮೊದಲೇ ಹೋಗಬೇಕು. ಒಂದೊಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಅಕ್ಟೋಬರಿನಲ್ಲಿ ಅರ್ಧ ಗಿಡಗಳು ಹೂವಲ್ಲೇ ಇರುತ್ತವೆ, ಅವನ್ನು ಬೇರೆ ಮಾಡಿ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿ ಕೊಳೆಯಲು ಬಿಡಿ. ಹೂ ಬರದವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಕೈಗೆ ಗವಸು, ಮೂಗಿಗೆ ಬಟ್ಟೆ, ತುಂಬು ತೋಳಿನ ಅಂಗಿ ಬೇಕೇ ಬೇಕು. ವರ್ಷಾನುಗಟ್ಟಲೆ ಬರಿಗೈಯಲ್ಲಿ ಕಿತ್ತವರಿಗೆ ಒಂದು ದಿನ ಇದ್ದಕ್ಕಿದ್ದಂತೆ ತುರಿಕೆ ಹತ್ತಿಕೊಂಡು ಬಿಡದೇ ಕಾಡುವುದುಂಟು. ಎಲೆಗಳು ಜಾಳುಜಾಳಾಗಿ ತಿಂದಂತಿದ್ದು, ಮೇಲೆ ಕಪ್ಪು ಗೆರೆಯ ಕೆನೆಬಣ್ಣದ ಪುಟ್ಟ ದುಂಬಿ ಕಂಡರೆ ಅದಕ್ಕೆ ಔಷಧ ಹೊಡೆಯಬೇಡಿ. ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ದುಂಬಿಯ ಸಂತತಿ ಅದು, ಕಾಂಗ್ರೆಸ್ ಕಸವನ್ನೇ ತಿನ್ನಲಿ ಎಂದು ಬಿಟ್ಟದ್ದು.

ಜೇಕು ಹುಲ್ಲಿನದು ಬೇರೆ ಕಥೆ. ಎಳೆದರೆ ಮೇಲಿನ ಹುಲ್ಲು ಕೈಗೆ ಬರುತ್ತದೆ, ಕೆಳಗಿನ ಗಡ್ಡೆಗಳ ಸರ ಹಾಗೇ ಉಳಿದು ವಾರದಲ್ಲಿ ಮತ್ತೆ ಚಿಗುರುತ್ತದೆ. ಹದವಿದ್ದ ದಿನವೇ ಗೇಣು ಆಳ ಸಲಿಕೆ ಇಳಿಸಿ, ಮಣ್ಣನ್ನು ಮಗುಚಿ, ಕಪ್ಪು ಗಡ್ಡೆಗಳನ್ನು ಕೈಯಿಂದ ಆರಿಸಿ. ಒಂದೇ ಸಲಕ್ಕೆ ಹೋಗುವುದಿಲ್ಲ, ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಹಿತ್ತಲಿಗೆ ಹೋಗಿ ನೋಡಬೇಕು. ಕರಕಿಯ ಬೇರು ಉದ್ದಕ್ಕೆ ಓಡುತ್ತದೆ, ತುಂಡಾಗದಂತೆ ಹಿಡಿದೆಳೆಯಿರಿ. ಗಣಪತಿಗೆ ಬೇಕೆಂದು ಒಂದು ಮೂಲೆಯಲ್ಲಿ ಬಿಡುವವರು ಒಡೆದ ಕುಂಡದಲ್ಲಿ ನೆಟ್ಟುಕೊಳ್ಳುವುದು ಕ್ಷೇಮ.

ಮುಗಿದ ಗಿಡದ ಬೇರು ನೋಡದೆ ಎಸೆಯಬೇಡಿ

ಬೆಂಡಿ, ಟೊಮೆಟೊ, ಬದನಿ, ಚವಳಿ ಗಿಡಗಳನ್ನು ಬುಡಸಮೇತ ಕಿತ್ತು, ಮಣ್ಣು ಕೊಡವಿ, ಬೇರನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಬೆಳಕಿಗೆ ಹಿಡಿಯಿರಿ. ಟೊಮೆಟೊ ಅಥವಾ ಬೆಂಡಿಯ ಬೇರೇ ಅಲ್ಲಲ್ಲಿ ಊದಿಕೊಂಡು, ಗಂಟುಗಂಟಾಗಿ ಜಪಮಣಿಯ ಹಾಗೆ ಕಂಡರೆ ಅದು ಬೇರುಗಂಟು ಜಂತುವಿನ ಕೆಲಸ. ಚವಳಿ, ಅವರೆ, ಶೇಂಗಾದ ಬೇರಿಗೂ ಗುಳ್ಳೆಗಳಿರುತ್ತವೆ, ಆದರೆ ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಉದುರುತ್ತವೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಅವು ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಗುಳ್ಳೆಗಳು. ಒಂದು ಗಿಡ ಕಿತ್ತು ನೋಡಿದಾಗ ಇವೇ ಕಂಡರೆ, ಉಳಿದ ಬೇಳೆಕಾಳಿನ ಗಿಡಗಳನ್ನು ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಟ್ಟರೆ ಮುಂದಿನ ಸೊಪ್ಪಿಗೆ ಲಾಭ.

ಜಂತು ಇದ್ದ ಗಿಡದ ಬೇರನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಆ ಜಾಗದಲ್ಲಿ ಈ ಸಲ ಟೊಮೆಟೊ, ಬದನಿ, ಬೆಂಡಿ ಬೇಡ. ಚೆಂಡು ಹೂವಿನ ಬೇರು ಈ ಜಂತುವನ್ನು ತಗ್ಗಿಸುತ್ತದೆ. ದೀಪಾವಳಿಗೆ ಹೂ ಕೊಯ್ದ ಮೇಲೆ ಚೆಂಡು ಗಿಡ ಕಿತ್ತೆಸೆಯುವ ಬದಲು ಅಲ್ಲೇ ಸಣ್ಣಗೆ ಕೊಚ್ಚಿ ಮಣ್ಣಿಗೆ ಸೇರಿಸಿ. ಬೆಂಡಿಯ ಎಲೆಯ ನರಗಳು ಹಳದಿ ಬಲೆಯಂತಾಗಿದ್ದರೆ ಅದು ಬಿಳಿನೊಣ ಹರಡುವ ನಂಜುರೋಗ. ಅಂಥ ಗಿಡ ಕಾಯಿ ಕೊಡುತ್ತಿದ್ದರೂ ಮೊದಲು ತೆಗೆಯಿರಿ, ಪಕ್ಕದ ಎಳೆ ಗಿಡಕ್ಕೆ ದಾಟುವ ಮೊದಲು.

ಕೀಳಬಾರದ ಗಿಡಗಳೂ ಇವೆ. ಪುಂಡಿ ಹಗಲು ಗಿಡ್ಡವಾದಂತೆ ಹೂವಿಗೆ ತಿರುಗುತ್ತದೆ, ಈಗ ಹೊಸದಾಗಿ ಬಿತ್ತಿದರೆ ಎಲೆ ಸಣ್ಣಗೇ ಬಂದು ಮೊಗ್ಗಾಗುತ್ತದೆ. ಹಳೆಯದರಲ್ಲಿ ಒಂದು ಗಟ್ಟಿ ಗಿಡ ಬೀಜಕ್ಕೆ ನಿಲ್ಲಿಸಿ ಉಳಿದದ್ದು ತೆಗೆಯಿರಿ. ಬೇಲಿಗುಂಟ ಒಂದೆರಡು ತೊಗರಿ ಗಿಡವಿದ್ದರೆ ಅದಕ್ಕೆ ಇದು ಹೂವಿನ ಕಾಲ. ಕಾಯಿಕೊರಕ ಹತ್ತಿದ್ದರೆ ಹೊಲದಲ್ಲಿ ಮಾಡುವ ಹಾಗೆಯೇ ಕೆಳಗೆ ಹಳೇ ಸೀರೆ ಹಾಸಿ ಗಿಡವನ್ನು ಅಲುಗಾಡಿಸಿ, ಬಿದ್ದ ಹುಳುಗಳನ್ನು ಕೋಳಿಗೆ ಹಾಕಿ. ಎರಡು ಗಿಡಕ್ಕೆ ಔಷಧದ ಖರ್ಚು ಯಾಕೆ.

ಕಸವೆಲ್ಲ ಎಲ್ಲಿಗೆ

ಬೆಂಕಿಗಂತೂ ಬೇಡ. ನಗರದಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆ. ಅದಿರಲಿ, ಎರೆಮಣ್ಣು ಸಡಿಲವಾಗಲು ಬೇಕಾದದ್ದೇ ಕೊಳೆತ ಎಲೆ. ಅದನ್ನು ಸುಟ್ಟು, ಆಮೇಲೆ ನರ್ಸರಿಯಿಂದ ಕೋಕೋಪೀಟ್ ಕೊಂಡು ತರುವುದು ನನಗೆ ಅರ್ಥವಾಗದ ವ್ಯವಹಾರ.

ಮೂರು ಅಡಿ ಅಗಲದ ಕೋಳಿಬಲೆಯ ಸುತ್ತು ನೆರಳಲ್ಲಿ ನಿಲ್ಲಿಸಿದರೆ ಸಾಕು, ಗುಂಡಿ ತೋಡಬೇಕೆಂದಿಲ್ಲ. ಎರೆನೆಲದ ಗುಂಡಿಯಲ್ಲಿ ಮಳೆ ಬಂದರೆ ನೀರು ನಿಂತು ನಾರುತ್ತದೆ. ಅಡಿಗೆ ತೊಗರಿ ಕಟ್ಟಿಗೆ ಅಥವಾ ಒಣ ಕಡ್ಡಿ, ಮೇಲೆ ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ಕಸ ಹಾಗೂ ಅಡುಗೆಮನೆಯ ಸಿಪ್ಪೆ, ಅದರ ಮೇಲೆ ಸಗಣಿ ಕಲಸಿದ ನೀರು. ಹೀಗೆ ಪದರ ಪದರವಾಗಿ ಏರಿಸಿ. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಎರಡೂವರೆ-ಮೂರು ತಿಂಗಳಲ್ಲಿ ಗೊಬ್ಬರ. ಮಾವಿನ ಎಲೆ ದಪ್ಪ, ತಡವಾಗಿ ಕೊಳೆಯುತ್ತದೆ, ತುಳಿದು ಚೂರು ಮಾಡಿ ಹಾಕಿ.

ಕತ್ತರಿ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಗುಲಾಬಿಗೆ ಅಕ್ಟೋಬರ್ ಸರಿಯಾದ ತಿಂಗಳು. ಒಣಗಿದ, ಒಳಮುಖವಾಗಿ ಬೆಳೆದ, ಒಂದಕ್ಕೊಂದು ಉಜ್ಜುವ ಕೊಂಬೆ ಮೊದಲು ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳನ್ನು ಅರ್ಧಕ್ಕೆ, ಹೊರಮುಖದ ಕಣ್ಣಿನ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಕಾಪರ್ ಆಕ್ಸಿಕ್ಲೋರೈಡನ್ನು (ಶಿಲೀಂಧ್ರನಾಶಕ ಪುಡಿ) ನೀರಲ್ಲಿ ಕಲಸಿ ಗಾಯಕ್ಕೆ ಹಚ್ಚಿ. ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರು ಕಾಡುಗಿಡದ್ದು. ಅದನ್ನು ಕತ್ತರಿಸಿದರೆ ಮತ್ತೆ ಬರುತ್ತದೆ, ಮಣ್ಣು ಸರಿಸಿ ಬುಡದಿಂದಲೇ ಸೀಳಿ ತೆಗೆಯಬೇಕು. ಬುಡಕ್ಕೆ ತಿಪ್ಪೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಆರರಿಂದ ಎಂಟು ವಾರಕ್ಕೆ ಹೂ ಬರುತ್ತದೆ.

ದುಂಡು ಮಲ್ಲಿಗೆಗೆ ನವೆಂಬರ್ ಕಡೆಯವರೆಗೆ ಕಾಯಿರಿ. ಮಾವಿಗೆ ಕತ್ತರಿ ಬೇಡವೇ ಬೇಡ, ಹೂ ಹೊರಡಬೇಕಾದದ್ದು ಈಗಿನ ಬಲಿತ ಕೊಂಬೆಯ ತುದಿಯಿಂದಲೇ. ಸತ್ತ ಕಡ್ಡಿ, ಬಂದಳಿಕೆ ಮಾತ್ರ ತೆಗೆಯಿರಿ. ಕರಿಬೇವನ್ನು ತುದಿ ಚಿವುಟಿ ಬಿಡಿ, ಸಾಕು.

ನಿಂಬೆ, ಮಲ್ಲಿಗೆ, ದಾಸವಾಳದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ನೆಲದಲ್ಲಿ ಸುಣ್ಣ ಜಾಸ್ತಿ, ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಬುಡಕ್ಕೆ ಸುರಿದರೆ ಅದೂ ಸುಣ್ಣದ ಪಾಲೇ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಕಲಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪರ್ಸಿ ಮೇಲೆ, ಬಟ್ಟೆ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಕೆ.

ಪರ್ಸಿಯ ಪಾಚಿ, ಕುಂಡದ ಬಿಳಿ ಪೊರೆ

ಜಾರುವ ಪಾಚಿ ಕಂಡ ಕೂಡಲೇ ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿಗೆ ಕೈ ಹೋಗುತ್ತದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದ ಜಾಗದಲ್ಲಿ ಚುರುಚುರು ನೊರೆ ಎದ್ದು ಮೇಲ್ಮೈ ಕರಗುತ್ತದೆ, ಹೊಳಪು ಹೋಗಿ ಒರಟಾಗುತ್ತದೆ, ಮುಂದಿನ ವರ್ಷ ಆ ಒರಟಿನಲ್ಲೇ ಪಾಚಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬ್ಲೀಚಿಂಗ್ ಪುಡಿಯನ್ನು ನೀರಲ್ಲಿ ಕಲಸಿ ಹರಡಿ, ಹತ್ತು-ಹದಿನೈದು ನಿಮಿಷ ಬಿಟ್ಟು ಗಡಸು ಕಸಬರಿಗೆಯಿಂದ ಉಜ್ಜಿ ತೊಳೆಯಿರಿ. ಆ ನೀರು ಮಡಿಗೆ ಹರಿಯದಂತೆ ನೋಡಿಕೊಳ್ಳಿ. ಬ್ಲೀಚಿಂಗ್ ಪುಡಿಯನ್ನೂ ಆ್ಯಸಿಡ್ಡನ್ನೂ ಕೂಡಿಸುವುದು ಯಾವತ್ತೂ ಬೇಡ, ವಿಷದ ಗಾಳಿ ಏಳುತ್ತದೆ.

ಬೋರ್ ನೀರು ಕುಡಿದ ಕುಂಡಗಳ ಹೊರಗೆ ಕಟ್ಟುವ ಬಿಳಿ ಪೊರೆಯೂ ಸುಣ್ಣವೇ. ಅದಕ್ಕೆ ಹುಣಸೆ ರಸ ಅಥವಾ ನಿಂಬೆ ಹೋಳು ಹಚ್ಚಿ ಉಜ್ಜಿದರೆ ಬಿಡುತ್ತದೆ. ಆದರೆ ಕುಂಡವನ್ನು ಪರ್ಸಿಯ ಮೇಲಿಟ್ಟು ಈ ಕೆಲಸ ಮಾಡಬೇಡಿ, ಹುಳಿಗೆ ಪರ್ಸಿಯ ಹೊಳಪೂ ಹೋಗುತ್ತದೆ. ಮನೆ ಕಟ್ಟಿದಾಗ ಉಳಿದ ಪರ್ಸಿ ಪಾಲಿಶಿನ ಬಿಳಿ ರಾಡಿ ಹಿತ್ತಲ ಮೂಲೆಯಲ್ಲಿ ಒಣಗಿ ಕೂತಿದ್ದರೆ ಈಗ ಕೆರೆದು ಹೊರಗೆ ಹಾಕಿ. ಮೊದಲೇ ಸುಣ್ಣದ ನೆಲ, ಅದಕ್ಕೆ ಮತ್ತೆ ಸುಣ್ಣದ ಪುಡಿ ಬೇಕಿಲ್ಲ.

ಈ ಕಾಲದ ಒಂದು ದೊಡ್ಡ ಕೆಲಸ: ಪರ್ಸಿ ಅಂಚಿನ ಎತ್ತರದ ಮಡಿ

ವರ್ಷಕ್ಕೆ ಒಂದೇ ಹೊಸ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ಎರೆಮಣ್ಣಲ್ಲಿ ನೆಲಮಟ್ಟದ ಮಡಿಗೆ ಮಳೆಯಲ್ಲಿ ನೀರು ನಿಲ್ಲುತ್ತದೆ, ಗಜ್ಜರಿ (ಕ್ಯಾರೆಟ್) ಎರಡು-ಮೂರು ಕಾಲಾಗಿ ಸೀಳುತ್ತದೆ. ಕಲ್ಲಿನ ಅಡ್ಡೆಗಳಲ್ಲಿ ಮುರಿದ ಪರ್ಸಿ ತುಕಡಿ ಅಗ್ಗಕ್ಕೆ ಸಿಗುತ್ತದೆ, ಒಂದಡಿ-ಒಂದೂಕಾಲಡಿ ಎತ್ತರದವನ್ನು ಆರಿಸಿ ತನ್ನಿ.

ಮಡಿ ಮೂರು ಅಡಿ ಅಗಲ ಇರಲಿ, ಎರಡೂ ಕಡೆಯಿಂದ ನಡುವಿನವರೆಗೆ ಕೈ ಸಿಗಬೇಕು, ಒಳಗೆ ಕಾಲಿಡುವ ಪ್ರಸಂಗವೇ ಬರಬಾರದು. ಉದ್ದ ನಿಮ್ಮ ಜಾಗದಷ್ಟು. ಮನೆಯ ಗೋಡೆಯಿಂದ ನಾಲ್ಕೈದು ಅಡಿ ದೂರ ಬಿಡಿ. ಪಾಯದ ಪಕ್ಕದ ಎರೆಮಣ್ಣು ದಿನಾ ನೀರು ಕುಡಿದು ಉಬ್ಬುತ್ತ ಕುಗ್ಗುತ್ತ ಇದ್ದರೆ ಗೋಡೆ ಬಿರುಕು ಬಿಡುತ್ತದೆ. ಗುರುತು ಹಾಕಿ ಅಂಚಿಗುಂಟ ಆರಂಗುಲ ಆಳದ ಸಣ್ಣ ಕಾಲುವೆ ತೋಡಿ, ಅಡಿಗೆ ಎರಡು ಅಂಗುಲ ಮುರುಮ (ಗರಸು ಮಣ್ಣು) ಹಾಕಿ ಕುಟ್ಟಿ, ಅದರ ಮೇಲೆ ಪರ್ಸಿಯನ್ನು ತುಸು ಒಳಕ್ಕೆ ವಾಲಿಸಿ ನಿಲ್ಲಿಸಿ, ಎರಡೂ ಬದಿಗೆ ಮತ್ತೆ ಮುರುಮ ತುಂಬಿ. ಬರೀ ಎರೆಮಣ್ಣಿನಲ್ಲಿ ಹೂತ ಕಲ್ಲು ಒಂದು ಮಳೆಗಾಲಕ್ಕೆ ಹೊರಕ್ಕೆ ಬಾಗುತ್ತದೆ.

ಒಳಗಿನ ನೆಲವನ್ನು ಹದದಲ್ಲಿ ಒಂದು ಸಲಿಕೆ ಆಳ ಸಡಿಲಿಸಿ, ಮೇಲೆ ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ ಕಲಸಿ ತುಂಬಿ. ಮಣ್ಣು ಸಡಿಲಾಗಲೆಂದು ಒಂದೆರಡು ಬುಟ್ಟಿ ಉಸುಕು ಬೆರೆಸುವ ರೂಢಿ ಇದೆ. ಜಿಗುಟು ಮಣ್ಣಿಗೆ ಸ್ವಲ್ಪ ಉಸುಕು ಸೇರಿದರೆ ಇನ್ನೂ ಬಿಗಿಯುತ್ತದೆ, ಗೊಬ್ಬರವೇ ಮದ್ದು. ಕುದಿಯದ ಹಸಿ ಸಗಣಿ ಬೇಡ, ಗೊಣ್ಣೆಹುಳು ಬರುತ್ತದೆ.

ಬಿತ್ತನೆ: ಎಳ್ಳಮಾವಾಸ್ಯೆಯಿಂದ ಹಿಂದಕ್ಕೆ ಎಣಿಸಿ

ಎಳ್ಳಮಾವಾಸ್ಯೆ ಡಿಸೆಂಬರ್ ಮಧ್ಯದಿಂದ ಜನವರಿಯ ಮೊದಲ ಭಾಗದೊಳಗೆ ಬರುತ್ತದೆ. ಅವತ್ತಿನ ಭಜ್ಜಿಗೆ (ಸೊಪ್ಪು, ಕಾಯಿ, ಹಸಿ ಕಾಳು ಕೂಡಿಸಿ ಮಾಡುವ ಪಲ್ಯ) ಬೇಕಾದ ಸೊಪ್ಪು-ಕಾಯಿ ಆದಷ್ಟು ಹಿತ್ತಲಿಂದಲೇ ಬರಬೇಕೆಂದು ಗುರಿ ಇಟ್ಟುಕೊಂಡರೆ ಬಿತ್ತನೆಯ ವೇಳಾಪಟ್ಟಿ ತಾನೇ ಸಿದ್ಧವಾಗುತ್ತದೆ. ಪಂಚಾಂಗ ನೋಡಿ ಹಿಂದಕ್ಕೆ ಎಣಿಸಿ.

ಗಜ್ಜರಿಗೆ 80-90 ದಿನ ಬೇಕು. ಅಮಾವಾಸ್ಯೆ ಬೇಗ ಬರುವ ವರ್ಷ ಸೆಪ್ಟೆಂಬರ್ ಕೊನೆಗೇ ಎತ್ತರದ ಮಡಿಯಲ್ಲಿ ಬೀಳಬೇಕು, ತಡವಾದರೆ ಎಳೆಯದನ್ನೇ ಕೀಳಿ. ಹಸಿ ಕಡಲೆಗೆ 75-80 ದಿನ, ಹಸಿ ಬಟಾಣಿಗೆ 60-70. ಕಡಲೆ ಹಾಕಿದ ಒಂದು ತಿಂಗಳಿಗೆ ತುದಿ ಚಿವುಟಿದರೆ ಎರಡು ಲಾಭ: ಗಿಡ ಕವಲೊಡೆಯುತ್ತದೆ, ಹುಳಿಹುಳಿ ಕಡ್ಲಿ ಪಲ್ಯ ಸಿಗುತ್ತದೆ. ಕುಸುಬಿಯನ್ನೂ ಒಂದು ಸಾಲು ಚೆಲ್ಲಿ, ಮುಳ್ಳು ಬಲಿಯುವ ಮೊದಲಿನ ಎಳೆ ಎಲೆ ಪಲ್ಯಕ್ಕೆ. ಮೂಲಂಗಿ 40-45 ದಿನ, ಸಬ್ಬಸಿಗಿ, ಕೊತಂಬರಿ, ಪಾಲಕ ಸುಮಾರು 40, ಮೆಂತ್ಯೆ 25-30. ಕೊತಂಬರಿ ಬೀಜವನ್ನು ಚಪ್ಪಲಿಯಡಿ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಮೆಂತ್ಯೆ, ಕೊತಂಬರಿಯನ್ನು ಒಂದೇ ದಿನ ಪೂರ್ತಿ ಚೆಲ್ಲಬೇಡಿ, ಹತ್ತು ದಿನಕ್ಕೊಂದು ಪಟ್ಟಿ ಹಾಕಿದರೆ ಜನವರಿವರೆಗೆ ಬರುತ್ತದೆ. ಮೊಳಕೆಯೊಡೆದ ಉಳ್ಳಾಗಡ್ಡಿಯನ್ನು ಅಂಚಿಗುಂಟ ಊರಿದರೆ ತಪ್ಪಲು ತಿಂಗಳೊಳಗೆ. ಬಳ್ಳೊಳ್ಳಿಗೂ ಇದೇ ಕಾಲ, ಆದರೆ ಗಡ್ಡೆ ಮಾಘ-ಫಾಲ್ಗುಣಕ್ಕೆ. ಟೊಮೆಟೊ, ಬದನಿ, ಹೂಕೋಸಿನ ಅಗಿಯನ್ನು ಈಗ ಕೊಂಡು ತಂದು ಸಂಜೆ ಹೊತ್ತು ನೆಡಿ.

ಬೀಜ, ಸಸಿಗೆ ಬೀದರಿನವರಿಗೆ ಅಲ್ಲಿನ ತೋಟಗಾರಿಕೆ ಕಾಲೇಜು ಹತ್ತಿರ. ಮಣ್ಣು ಪರೀಕ್ಷೆ ಮಾಡಿಸುವವರು ಗೊಬ್ಬರ ಹಾಕುವ ಮೊದಲು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹೊದಿಕೆ ಮತ್ತು ನೀರು

ಅಕ್ಟೋಬರಿನಲ್ಲಿ ಬೀದರ್, ಭಾಲ್ಕಿ, ಔರಾದ ಕಡೆ ಸೋಯಾ ರಾಶಿ ನಡೆದಿರುತ್ತದೆ, ಪರಿಚಯದವರ ಹೊಲದಿಂದ ಎರಡು ಚೀಲ ಹೊಟ್ಟು ತರಿಸಿಕೊಳ್ಳಿ. ಇಲ್ಲದಿದ್ದರೆ ಒಣ ಬೇವಿನ ಎಲೆ. ಸಸಿ ನಾಲ್ಕೆಲೆ ಬಿಟ್ಟ ಮೇಲೆ ಎರಡಂಗುಲ ದಪ್ಪ ಹಾಸಿ, ಬುಡಕ್ಕೆ ತಾಗದಂತೆ ಒಂದು ಬೆರಳು ಜಾಗ ಬಿಡಿ. ಹೊದಿಕೆ ಸಿಗದವರು ಹೊಲದಲ್ಲಿ ಎಡೆ ಹೊಡೆಯುವ (ಸಾಲುಗಳ ನಡುವೆ ಮಣ್ಣು ಕೆದಕುವ) ಉಪಾಯವನ್ನೇ ಹಿಡಿಯಬಹುದು: ನೀರು ಕೊಟ್ಟ ಮೂರನೇ ದಿನ ಕುರ್ಪಿಯಿಂದ ಮೇಲಿನ ಒಂದಂಗುಲ ಮಣ್ಣು ಕೆದಕಿ ಪುಡಿ ಮಾಡಿದರೆ ಬಿರುಕು ಮುಚ್ಚುತ್ತದೆ, ಕೆಳಗಿನ ತೇವ ಆರುವುದು ನಿಧಾನವಾಗುತ್ತದೆ.

ಬೇರೂರಿದ ಗಿಡಕ್ಕೆ ದಿನಾ ಚೂರು ಚೂರು ನೀರು ಚಿಮುಕಿಸುವ ಬದಲು ಐದಾರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ. ಎಳೆ ಸೊಪ್ಪಿನ ಮಡಿಗೆ, ಕುಂಡಗಳಿಗೆ ಮಾತ್ರ ದಿನ ಬಿಟ್ಟು ದಿನ. ನೀರು ಹಾಕುವ ಮೊದಲು ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ; ಎರಡನೇ ಗೆಣ್ಣಿನ ಹತ್ತಿರ ತಂಪಿದ್ದರೆ ಅವತ್ತು ಬೇಡ.